ಅವನು ಸುಮ್ಮನಾದಾಗ ಏನನ್ನು ನೋಡಬೇಕು?

ಆಪ್ತಸಮಾಲೋಚನೆಗೆ ಬರುವ ಹೆಣ್ಣುಮಕ್ಕಳು ನನಗೆ ಜಾಸ್ತಿ ಕೇಳುವ ಪ್ರಶ್ನೆ ಇದು: "ಸರ್, ನೀವೂ ಗಂಡಸರು, ನೀವೇ ಹೇಳಿ. ಜಗಳ ಶುರುವಾದ ಕೂಡಲೇ ಅವನು ಯಾಕೆ ಬಾಯಿ ಮುಚ್ಚಿಕೊಂಡು ಕೂರುತ್ತಾನೆ?"

ಆ ಹೊತ್ತಿನಲ್ಲಿ ನಮಗೆ ಮಾತು ಹೊಳೆಯುವುದೇ ಇಲ್ಲ. ನೋಡುವವರಿಗೆ ಕಲ್ಲಿನ ಹಾಗೆ ಕೂತಿದ್ದಾನೆ ಅನ್ನಿಸುತ್ತದೆ. ಒಳಗೆ ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ. ಏನು ಹೇಳಿದರೂ ತಪ್ಪಾಗುತ್ತದೆ ಅಂತ ಹೆದರಿ ಏನೂ ಹೇಳದೆ ಉಳಿದುಬಿಡುತ್ತೇವೆ.

ಇದು ಗಂಡಸರ ಪರ ವಕಾಲತ್ತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ, ಜಗಳದ ವಿಷಯವನ್ನೇ ಮಾತಾಡಿಸಿ, ಅವರ ಎದೆಬಡಿತ ಅಳೆದರು. ಹೀಗೆ ಗೋಡೆಯಾಗಿ ಕೂರುವವರಲ್ಲಿ ಶೇ. 85ರಷ್ಟು ಗಂಡಸರೇ ಇದ್ದರು. ಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯುವುದು ಕಷ್ಟ. ಮೈ ತಣ್ಣಗಾಗಲು ಕಡಿಮೆಯೆಂದರೂ 20 ನಿಮಿಷ ಬೇಕು. ಆ 20 ನಿಮಿಷದಲ್ಲಿ ನೀವು ಎಷ್ಟೇ ಸರಿಯಾದ ಮಾತು ಹೇಳಿದರೂ ಅದು ವ್ಯರ್ಥ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಕ್ರಿಸ್ಟೆನ್ಸನ್ ಮತ್ತು ಹೀವಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1990ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ದಂಪತಿಗಳನ್ನು ಗಮನಿಸಿದರು. ಹೆಂಡತಿ ಬಯಸಿದ ಬದಲಾವಣೆಯ ಬಗ್ಗೆ ಮಾತು ಬಂದಾಗ ಅವಳು ಒತ್ತಾಯಿಸುವುದು, ಗಂಡ ಹಿಂದೆ ಸರಿಯುವುದು ಎದ್ದು ಕಂಡಿತು. ಗಂಡ ಬಯಸಿದ ಬದಲಾವಣೆಯ ಮಾತು ಬಂದಾಗ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ "ಗಂಡಸರು ಇರೋದೇ ಹಾಗೆ" ಅನ್ನುವುದು ಪೂರ್ತಿ ನಿಜವಲ್ಲ. ಇದ್ದದ್ದು ಇದ್ದ ಹಾಗೇ ಇರಲಿ ಅನ್ನಿಸುವವರು ಸುಮ್ಮನಾಗುತ್ತಾರೆ. ಅದು ಅವರಿಗೆ ಲಾಭ, ಅಲ್ವಾ?

ಹಾಗಾಗಿ ಅವನು ಯಾಕೆ ಸುಮ್ಮನಾದ ಅಂತ ರಾತ್ರಿಯಿಡೀ ತಲೆ ಕೆಡಿಸಿಕೊಳ್ಳಬೇಡಿ. ಅವನು ವಾಪಸ್ ಬರುತ್ತಾನಾ, ಅದನ್ನು ನೋಡಿ. ತಲೆ ಬಿಸಿಯಾಗಿ ಸುಮ್ಮನಾದವನು ತಣ್ಣಗಾದ ಮೇಲೆ ತಾನೇ ಬಂದು, "ಆಗ ನೀನು ಏನೋ ಹೇಳ್ತಿದ್ದೆ, ಈಗ ಹೇಳು" ಅನ್ನುತ್ತಾನೆ. ಮಾತು ತೊದಲಬಹುದು, ಪರವಾಗಿಲ್ಲ. ಇನ್ನೊಬ್ಬ, ಏನೂ ಆಗೇ ಇಲ್ಲ ಅನ್ನುವ ಹಾಗೆ ನಗುತ್ತಾ ಬರುತ್ತಾನೆ. ವಿಷಯ ಎತ್ತಿದರೆ ಮತ್ತೆ ನಾಲ್ಕು ದಿನ ಫೋನ್ ಎತ್ತುವುದಿಲ್ಲ. ಅದು ಶಿಕ್ಷೆ. ನೀವು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲಿ ಅಂತ ಕೊಡುವ ಶಿಕ್ಷೆ.

ಹೊಸ ಪರಿಚಯದಲ್ಲೂ ಅಷ್ಟೇ. ವಾರಗಟ್ಟಲೆ ಮೆಸೇಜ್ ಇಲ್ಲ, ಆಮೇಲೆ ಒಂದು ದಿನ ಪ್ರೀತಿಯ ಮಳೆ. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಪ್ರೀತಿಗೆ ಮನಸ್ಸು ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಬಿಡುವುದು ಕಷ್ಟವಾಗುತ್ತದೆ. ನೀವು ದಡ್ಡರು ಅಂತಲ್ಲ.

ಅವನಿಗೆ ಬಿಡುವು ಕೊಡಿ, ಆದರೆ ಹೊತ್ತು ಗೊತ್ತು ಮಾಡಿಕೊಂಡು ಕೊಡಿ. "ಈಗ ಬೇಡ ಅಂದ್ರೆ ಸರಿ. ಎಷ್ಟು ಹೊತ್ತಿಗೆ ಮಾತಾಡೋಣ?" ಇಷ್ಟು ಸಾಕು. ಇಷ್ಟು ಕೇಳಲಿಕ್ಕೂ ನಿಮಗೆ ಭಯವಾಗುತ್ತಿದ್ದರೆ ನನ್ನ ಈ ಸಲಹೆ ಬಿಟ್ಟುಬಿಡಿ. ಮೊದಲು ನಂಬಿಕೆಯಿರುವ ಒಬ್ಬರಿಗೆ ವಿಷಯ ತಿಳಿಸಿ.

ಒಬ್ಬರಿಗೆ ಇದನ್ನೇ ಹೇಳಿ ಕಳಿಸಿದ್ದೆ. ಮೂರು ವಾರ ಬಿಟ್ಟು ಬಂದರು. "ಐದು ಸಲ ಕೇಳಿದೆ ಸರ್. ಐದು ಸಲವೂ ಹೊತ್ತು ಹೇಳಿದ. ಒಂದು ಸಲವೂ ಬರಲಿಲ್ಲ" ಅಂದರು. ಆಮೇಲೆ ಸ್ವಲ್ಪ ಹೊತ್ತು ಅತ್ತರು. ಅವನು ಯಾಕೆ ಹೀಗೆ ಅಂತ ಆವತ್ತು ನನ್ನನ್ನು ಕೇಳಲಿಲ್ಲ.