ಎಪ್ಪತ್ತು ವರ್ಷ ಗಾರೆಯೊಳಗಿದ್ದ ಕ್ರಿಸ್ತ

ಫ್ರಾನ್ಸಿನ ಬರ್ಗಂಡಿ ಸೀಮೆಯ ಓತಾಂ ಊರಿನಲ್ಲಿ ಸಂತ ಲಾಜರನ ಹೆಸರಿನ ದೊಡ್ಡ ಚರ್ಚಿದೆ. ಅದರ ಪಶ್ಚಿಮದ ಬಾಗಿಲ ಮೇಲೆ, ಅರ್ಧಚಂದ್ರಾಕಾರದ ಹಾಸಿನಲ್ಲಿ, ಲೋಕದ ಕಡೆಯ ದಿನದ ನ್ಯಾಯತೀರ್ಪನ್ನು ಸುಮಾರು 1130ರ ಹೊತ್ತಿಗೆ ಕೆತ್ತಿದರು. ಸತ್ತು ನಾಲ್ಕು ದಿನವಾದ ಮೇಲೆ ಏಸು ಎಬ್ಬಿಸಿದ ಲಾಜರನ ಅಸ್ಥಿ ತಮ್ಮಲ್ಲಿದೆ ಎಂದು ಊರವರು ನಂಬಿದ್ದರು. ಸತ್ತವರೆಲ್ಲ ಏಳುವ ದೃಶ್ಯ ಆ ಬಾಗಿಲಿಗೆ ಅಷ್ಟು ಒಪ್ಪುವುದು ಅದಕ್ಕೇ.

ನಡುವೆ ಬಾದಾಮಿ ಆಕಾರದ ಪ್ರಭಾವಳಿಯೊಳಗೆ ಕ್ರಿಸ್ತ, ಉಳಿದವರಿಗಿಂತ ಹಲವು ಪಟ್ಟು ದೊಡ್ಡವನಾಗಿ ಕೂತಿದ್ದಾನೆ. ಆ ಶಿಲ್ಪಿಗಳಿಗೆ ಗಾತ್ರವೆಂದರೆ ಮಹಿಮೆಯ ಅಳತೆ. ಅವನ ಬಲಕ್ಕೆ ಸ್ವರ್ಗ, ಎಡಕ್ಕೆ ನರಕ. ಎಡಗಡೆ ಆತ್ಮಗಳನ್ನು ತೂಗುತ್ತಿರುವ ತಕ್ಕಡಿಯನ್ನು ಸೈತಾನ ತನ್ನ ಕಡೆ ಜಗ್ಗುತ್ತಿದ್ದರೆ, ಪುಟ್ಟ ಆತ್ಮಗಳು ದೇವದೂತನ ನಿಲುವಂಗಿಯ ಮರೆ ಸೇರಿವೆ. ಕೆಳಗಿನ ಪಟ್ಟಿಯಲ್ಲಿ ಎದ್ದುಬರುವವರ ಪೈಕಿ ಇಬ್ಬರ ಜೋಳಿಗೆ ನೋಡಬೇಕು: ಒಂದರ ಮೇಲೆ ಶಿಲುಬೆ, ಇನ್ನೊಂದರ ಮೇಲೆ ಚಿಪ್ಪು. ಜೆರುಸಲೇಮಿಗೆ, ಸ್ಪೇನಿನ ಸಾಂತಿಯಾಗೊಗೆ ಯಾತ್ರೆ ಹೋದವರ ಗುರುತುಗಳವು.

ಇನ್ನೂ ಸ್ವಲ್ಪ ಆಚೆ, ಮೇಲಿನಿಂದ ಎರಡು ಭಾರೀ ಕೈಗಳು ಇಳಿದು ಒಬ್ಬನ ತಲೆಯನ್ನು ಇಕ್ಕಳದ ಹಾಗೆ ಹಿಡಿದಿವೆ. ಕೈ ಯಾರದೆಂದು ಕಾಣುವುದಿಲ್ಲ. ಭಯವನ್ನು ಇಷ್ಟು ಮಿತವಾಗಿ ಕೆತ್ತಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದೇ ಕೆತ್ತನೆ 18ನೇ ಶತಮಾನದ ಪಾದ್ರಿಗಳಿಗೆ ಒರಟಾಗಿ ಕಂಡಿತು. 1766ರಲ್ಲಿ ಆ ಇಡೀ ಹಾಸಿನ ಮೇಲೆ ಗಾರೆ ಮೆತ್ತಿಸಿದರು. ಮುಂದಕ್ಕೆ ಚಾಚಿಕೊಂಡಿದ್ದ ಕ್ರಿಸ್ತನ ತಲೆ ಅಡ್ಡ ಬಂತೆಂದು ಅದನ್ನು ಒಡೆದು ತೆಗೆದರು. ಉತ್ತರದ ಬಾಗಿಲಿನಲ್ಲಿದ್ದ, ಬೈಬಲ್ಲಿನ ಮೊದಲ ಹೆಣ್ಣು ಈವಳ ಶಿಲ್ಪವನ್ನೂ ಕಿತ್ತರು. ಒಂದು ಕೈಯನ್ನು ಕೆನ್ನೆಗಿಟ್ಟು, ಹಿಂದೆ ತಿರುಗಿಯೂ ನೋಡದೆ ಇನ್ನೊಂದು ಕೈಯಲ್ಲಿ ಹಣ್ಣು ಕೀಳುತ್ತ ಅಡ್ಡಲಾಗಿ ಮಲಗಿದ ಆ ಹೆಣ್ಣು ಯಾರದೋ ಮನೆಯ ಗೋಡೆಗಲ್ಲಾದಳು.

ಕೆಲವೇ ದಶಕಗಳಲ್ಲಿ ಫ್ರೆಂಚ್ ಕ್ರಾಂತಿ ಬಂತು. ಎಷ್ಟೋ ಚರ್ಚುಗಳ ಮೂರ್ತಿಗಳು ಸುತ್ತಿಗೆಗೆ ಸಿಕ್ಕವು. ಓತಾಂನಲ್ಲಿ ಆ ಸುತ್ತಿಗೆಗೆ ಎದುರಾದದ್ದು ಬರೀ ಗಾರೆ. ತಾತ್ಸಾರದಿಂದ ಮೆತ್ತಿದ್ದೇ ಶಿಲ್ಪವನ್ನು ಕಾಯಿತು. 1837ರಲ್ಲಿ ಗಾರೆ ಕೆರೆದಾಗ ತೀರ್ಪು ಮತ್ತೆ ಬೆಳಕಿಗೆ ಬಂತು.

ಕ್ರಿಸ್ತನ ಪಾದದಡಿಯಲ್ಲಿ ‘ಗಿಸ್ಲೆಬರ್ಟಸ್ ಇದನ್ನು ಮಾಡಿದ’ ಎಂದು ಲ್ಯಾಟಿನ್ನಿನಲ್ಲಿ ಬರೆದಿದೆ. ಬಹುಕಾಲ ಅದನ್ನು ಶಿಲ್ಪಿಯ ಸಹಿ ಎಂದೇ ಓದಿದರು. ಅದು ಶಿಲ್ಪಿಯ ಹೆಸರಲ್ಲ, ಹಿಂದಿನ ಕಾಲದ ದೊರೆಯೊಬ್ಬನದು ಎಂದು ಕಲಾ ಇತಿಹಾಸಕಾರ್ತಿ ಲಿಂಡಾ ಸೈಡೆಲ್ 1999ರಲ್ಲಿ ವಾದಿಸಿದರು. ಆದರೂ ಆ ಕೈಗಳನ್ನು ಕೆತ್ತಿದವನಿಗೆ ಒಂದು ಹೆಸರಿರಲಿ ಎಂದು ನನ್ನ ಮನಸ್ಸು ಬಯಸುತ್ತದೆ.

ಕ್ರಿಸ್ತನ ತಲೆಯನ್ನು 1948ರಲ್ಲಿ ಅದರ ಜಾಗದಲ್ಲಿ ಕೂರಿಸಿದರು. 1856ರಲ್ಲಿ ಮನೆ ಕೆಡವುವಾಗ ಸಿಕ್ಕ ಈವಳು ಮಾತ್ರ ಬಾಗಿಲಿಗೆ ಮರಳಲಿಲ್ಲ. ಅವಳೀಗ ಅದೇ ಊರಿನ ರೋಲಾಂ ಮ್ಯೂಸಿಯಂನ ಸೊತ್ತು.