ಗೇಟು ತೆಗೆದವರು ಯಾರು?

ಜನಜಂಗುಳಿಯಲ್ಲಿ ಸಾವಾದರೆ ನಮ್ಮ ಪತ್ರಿಕೆಗಳಿಗೆ ಹೊಳೆಯುವುದು ಒಂದೇ ಪದ: ಕಾಲ್ತುಳಿತ. ಜನ ಓಡಿದರು, ಬಿದ್ದವರನ್ನು ತುಳಿದರು ಅಂತ ಆ ಪದವೇ ಹೇಳಿಬಿಡುತ್ತದೆ. ಯಾರದು ತಪ್ಪು ಅಂತ ಬೇರೆ ಕೇಳಬೇಕಾಗಿಲ್ಲ. ತುಳಿದ ಕಾಲುಗಳದ್ದೇ ತಪ್ಪು, ಅಲ್ವಾ?

ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ 1989ರ ಏಪ್ರಿಲ್ 15ರಂದು ಸತ್ತವರಲ್ಲಿ ಬಹಳಷ್ಟು ಜನ ನಿಂತಲ್ಲೇ ಸತ್ತರು. ಯಾರೂ ಅವರನ್ನು ತುಳಿದು ಓಡಿರಲಿಲ್ಲ. ಎದೆ ಹಿಗ್ಗಿಸಿ ಉಸಿರೆಳೆಯಲು ಜಾಗ ಇರಲಿಲ್ಲ, ಅಷ್ಟೇ. ಒಟ್ಟು 97 ಜೀವ ಹೋದವು. ಅವರಲ್ಲಿ ಅತಿ ಚಿಕ್ಕವನಿಗೆ 10 ವರ್ಷ. ಆ ಹುಡುಗ ಮುಂದೆ ಲಿವರ್‌ಪೂಲ್ ತಂಡದ ನಾಯಕನಾದ ಸ್ಟೀವನ್ ಜೆರಾರ್ಡ್‌ನ ಸೋದರಸಂಬಂಧಿ.

ಅವತ್ತು ಇಂಗ್ಲೆಂಡಿನ ಎಫ್ಎ ಕಪ್ ಫುಟ್‌ಬಾಲ್ ಪಂದ್ಯಾವಳಿಯ ಸೆಮಿಫೈನಲ್. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ. ಆಟ ಶುರುವಾಗಬೇಕಿದ್ದದ್ದು ಮಧ್ಯಾಹ್ನ 3 ಗಂಟೆಗೆ. ಲಿವರ್‌ಪೂಲ್ ಅಭಿಮಾನಿಗಳಿಗೆ ಲೆಪ್ಪಿಂಗ್ಸ್ ಲೇನ್ ಕಡೆಯ ತುದಿ ಕೊಟ್ಟಿದ್ದರು. ಅಲ್ಲಿ ನಿಂತು ನೋಡುವ ಟಿಕೆಟ್ ಇದ್ದವರು 10,100 ಮಂದಿ. ಅಷ್ಟೂ ಜನ ಒಬ್ಬೊಬ್ಬರೇ ತಳ್ಳಿಕೊಂಡು ಒಳಗೆ ಹೋಗಲು ಇದ್ದ ತಿರುಗುಗೇಟುಗಳು ಏಳು. ಎರಡೂವರೆ ಹೊತ್ತಿಗೆ ಹೊರಗೆ ಉಸಿರು ಕಟ್ಟುವಷ್ಟು ಜನ. ಆಟ ಸ್ವಲ್ಪ ತಡವಾಗಿ ಶುರು ಮಾಡಿದ್ದರೆ ಮುಗಿದುಹೋಗುತ್ತಿತ್ತೇನೋ. ಮಾಡಲಿಲ್ಲ.

2 ಗಂಟೆ 52 ನಿಮಿಷಕ್ಕೆ ಪೊಲೀಸರು ಸಿ ಗೇಟನ್ನು ತೆಗೆಸಿದರು. ಅದು ಹೊರಗೆ ಹೋಗಲು ಇದ್ದ ದೊಡ್ಡ ಗೇಟು. ಐದೇ ನಿಮಿಷದಲ್ಲಿ ಸುಮಾರು 2,000 ಜನ ಒಳಗೆ ಬಂದರು. ಎದುರಿಗೇ ಒಂದು ಸುರಂಗದಂಥ ದಾರಿ, ಇಳಿಜಾರು. ಅದು ನೇರವಾಗಿ ಹೋಗಿ ಸೇರುವುದು ನಡುವಿನ ಎರಡು ಅಂಕಣಗಳಿಗೆ. ನಮ್ಮಲ್ಲಿ ದನದ ದೊಡ್ಡಿ ಅಂತೀವಲ್ಲ, ಹಾಗೆ ಸುತ್ತ ಕಬ್ಬಿಣದ ಬೇಲಿ ಹಾಕಿದ ಕಟ್ಟೆಗಳು. ಅವು ಆಗಲೇ ಭರ್ತಿಯಾಗಿದ್ದವು. ಎಡ ಬಲದ ಅಂಕಣಗಳಲ್ಲಿ ಇನ್ನೂ ಬೇಕಾದಷ್ಟು ಜಾಗ ಇತ್ತು. ಆದರೆ ಅಲ್ಲಿಗೆ ಹೋಗುವ ದಾರಿ ಹೊಸಬರಿಗೆ ಕಾಣುವಂತಿರಲಿಲ್ಲ. ಒಬ್ಬ ಪೇದೆ ಸುರಂಗದ ಬಾಯಲ್ಲಿ ಕೈ ಅಡ್ಡ ಹಿಡಿದು ನಿಂತಿದ್ದರೆ ಸಾಕಿತ್ತು. ಹಿಂದಿನ ವರ್ಷ ಇದೇ ಮೈದಾನದಲ್ಲಿ, ಇದೇ ಎರಡು ತಂಡಗಳ ಸೆಮಿಫೈನಲ್‌ನಲ್ಲಿ ಆ ದಾರಿಯನ್ನು ಮುಚ್ಚಿದ್ದನ್ನು ನೋಡಿದವರಿದ್ದಾರೆ. ಈ ಸಲ ಯಾರಿಗೂ ಹೊಳೆಯಲಿಲ್ಲ.

ಅವತ್ತಿನ ಬಂದೋಬಸ್ತಿನ ಹೊಣೆ ಚೀಫ್ ಸೂಪರಿಂಟೆಂಡೆಂಟ್ ಡೇವಿಡ್ ಡಕೆನ್‌ಫೀಲ್ಡ್ ಅವರದು. ಆ ಹುದ್ದೆಗೆ ಬಂದು ಮೂರು ವಾರವೂ ಆಗಿರಲಿಲ್ಲ. ಗೇಟು ತೆಗೆಯಿರಿ ಎಂದು ಆಜ್ಞೆ ಕೊಟ್ಟವರು ಅವರೇ. 3 ಗಂಟೆ 6 ನಿಮಿಷಕ್ಕೆ ಆಟ ನಿಂತಿತು. ಫುಟ್‌ಬಾಲ್ ಸಂಸ್ಥೆಯ ಮುಖ್ಯಸ್ಥ ಗ್ರಹಾಂ ಕೆಲ್ಲಿ ಏನಾಯಿತೆಂದು ಕೇಳಲು ಪೊಲೀಸ್ ಕಂಟ್ರೋಲ್ ರೂಮಿಗೆ ಹೋದರು. ಅಭಿಮಾನಿಗಳು ಗೇಟು ಮುರಿದು ನುಗ್ಗಿದರು ಎಂಬ ಅರ್ಥ ಬರುವಂತೆ ಡಕೆನ್‌ಫೀಲ್ಡ್ ಉತ್ತರ ಕೊಟ್ಟರು. ಹೆಣಗಳನ್ನು ಇನ್ನೂ ಸಾಗಿಸುತ್ತಿದ್ದರು, ಆಗಲೇ ಆ ಮಾತು ರೇಡಿಯೋ, ಟೀವಿ ಸೇರಿತು.

ಸುಳ್ಳಿಗೆ ನೆಲ ಹದವಾಗಿಯೇ ಇತ್ತು. ನಾಲ್ಕು ವರ್ಷದ ಹಿಂದೆ, 1985ರಲ್ಲಿ, ಬ್ರಸೆಲ್ಸ್‌ನ ಹೇಸಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಎದುರಾಳಿ ತಂಡದ ಅಭಿಮಾನಿಗಳ ಮೇಲೆ ನುಗ್ಗಿದಾಗ 39 ಜನ ಸತ್ತಿದ್ದರು. ಅದು ನಿಜವಾದ ಪುಂಡಾಟ. ಫುಟ್‌ಬಾಲ್ ಅಭಿಮಾನಿ ಎಂದರೆ ಕುಡುಕ, ಪುಂಡ ಎಂಬ ಚಿತ್ರ ಎಲ್ಲರ ತಲೆಯಲ್ಲೂ ಇತ್ತು. ಬೇಲಿ ಹಾಕಿದ್ದೂ ಅಂಥವರು ಮೈದಾನಕ್ಕೆ ನುಗ್ಗಬಾರದು ಅಂತಲೇ. ಹಾಗಾಗಿ ಜನ ಬೇಲಿ ಹತ್ತಿ ಜೀವ ಉಳಿಸಿಕೊಳ್ಳಲು ನೋಡಿದಾಗ ಕೆಲವು ಪೊಲೀಸರಿಗೆ ಅದು ಗಲಾಟೆಯಂತೆ ಕಂಡಿತು.

ಅವತ್ತು ರಾತ್ರಿ ಕ್ರೀಡಾಂಗಣದ ಜಿಮ್‌ನಲ್ಲಿ ಶವಗಳನ್ನು ಸಾಲಾಗಿ ಮಲಗಿಸಿದ್ದರು. ಮಗನನ್ನು ಹುಡುಕಿ ಬಂದ ಅಪ್ಪ ಅಮ್ಮಂದಿರಿಗೆ ಮೊದಲು ತೋರಿಸಿದ್ದು ಫೋಟೋಗಳನ್ನು. ಸತ್ತವರ ಮುಖದ ಪೊಲರಾಯ್ಡ್ ಚಿತ್ರಗಳು, ಒಂದರ ಪಕ್ಕ ಒಂದು. ಅದರಲ್ಲಿ ತಮ್ಮವನನ್ನು ಅವರೇ ಹುಡುಕಿ ತೆಗೆಯಬೇಕು. ಗುರುತು ಹಿಡಿದ ಕೂಡಲೇ ಪಕ್ಕದ ಮೇಜಿನಲ್ಲಿ ಪೊಲೀಸರ ಪ್ರಶ್ನೆ: ಬರುವಾಗ ಕುಡಿದಿದ್ದನಾ? ದಾರಿಯಲ್ಲಿ ಎಲ್ಲಿ ನಿಲ್ಲಿಸಿದಿರಿ? ಕರೋನರ್, ಅಂದರೆ ಸಾವಿನ ಕಾರಣ ವಿಚಾರಣೆ ಮಾಡುವ ಅಧಿಕಾರಿ, ಸತ್ತ ಪ್ರತಿಯೊಬ್ಬರ ರಕ್ತದಲ್ಲೂ ಆಲ್ಕೋಹಾಲ್ ಪರೀಕ್ಷೆ ಮಾಡಿಸಿದರು. ಆ 10 ವರ್ಷದ ಹುಡುಗನ ರಕ್ತವನ್ನೂ ಬಿಡಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಕಾಡುವುದು ಇದೇ. ಸಾವಿರಾರು ಪುಟದ ವರದಿಗಳು ಆಮೇಲೆ ಬಂದವು. ಆದರೆ ತನಿಖೆ ಯಾವ ಕಡೆಗೆ ಮುಖ ಮಾಡಿದೆ ಎಂಬುದು ಆ ಒಂದು ಸಿರಿಂಜಿನಲ್ಲೇ ಗೊತ್ತಾಗಿಹೋಗಿತ್ತು.

ನಾಲ್ಕನೇ ದಿನ ‘ದಿ ಸನ್’ ಪತ್ರಿಕೆ ಮುಖಪುಟದಲ್ಲಿ ‘ಸತ್ಯ’ ಎಂಬ ದೊಡ್ಡ ತಲೆಬರಹ ಹಾಕಿತು. ಅಭಿಮಾನಿಗಳು ಸತ್ತವರ ಜೇಬು ಕತ್ತರಿಸಿದರು, ಪೊಲೀಸರ ಮೇಲೆ ಉಚ್ಚೆ ಹೊಯ್ದರು ಎಂದೆಲ್ಲ ಬರೆಯಿತು. ಎಲ್ಲ ಸುಳ್ಳು. ಆ ಪತ್ರಿಕೆಯನ್ನು ಲಿವರ್‌ಪೂಲ್‌ನಲ್ಲಿ ಇವತ್ತಿಗೂ ಕೊಳ್ಳದವರಿದ್ದಾರೆ, ಮಾರದ ಅಂಗಡಿಗಳಿವೆ.

ಬೆಂಗಳೂರಿನವರಿಗೆ ಇಲ್ಲಿ 2025ರ ಜೂನ್ 4 ನೆನಪಾಗದೆ ಇರುವುದಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತ ದಿನ. ಅವತ್ತು ಸಂಜೆ ಕಿವಿಗೆ ಬಿದ್ದ ಮೊದಲ ಮಾತುಗಳಲ್ಲಿ ‘ಜನ ಗೇಟ್ ಮುರಿದರು’ ಎಂಬುದೂ ಒಂದು. ಎರಡೂ ಒಂದೇ ಅಂತ ಹೇಳುತ್ತಿಲ್ಲ, ಅಲ್ಲಿನ ಲೆಕ್ಕ ಬೇರೆ, ಇಲ್ಲಿನದು ಬೇರೆ. ಆದರೆ ಆ ಮಾತು ಎಲ್ಲಿ ಕೇಳಿದರೂ ಒಂದು ಗಳಿಗೆ ತಡೆದು ನಿಲ್ಲುವ ಅಭ್ಯಾಸ ನನಗೆ ಬಂದಿದ್ದು ಹಿಲ್ಸ್‌ಬರೋ ಬಗ್ಗೆ ಓದಿದ ಮೇಲೆ.

ವಿಚಿತ್ರ ಏನೆಂದರೆ, ನಿಜ ಗೊತ್ತಾಗಲು ತಡವಾಗಲೇ ಇಲ್ಲ. ನ್ಯಾಯಮೂರ್ತಿ ಟೇಲರ್ ಅದೇ ವರ್ಷ ಆಗಸ್ಟ್‌ನಲ್ಲೇ ಮಧ್ಯಂತರ ವರದಿ ಕೊಟ್ಟರು. ಮುಖ್ಯ ಕಾರಣ ಪೊಲೀಸರು ಹಿಡಿತ ತಪ್ಪಿದ್ದು ಎಂದು ಸ್ಪಷ್ಟವಾಗಿ ಬರೆದರು. ಗೇಟು ತೆಗೆಸಿದ್ದು ಪೊಲೀಸರೇ ಎಂಬುದೂ ದಾಖಲಾಯಿತು. ಅವರ ಮುಂದಿನ ವರದಿಯಿಂದಲೇ ಇಂಗ್ಲೆಂಡಿನ ದೊಡ್ಡ ಮೈದಾನಗಳಲ್ಲಿ ಬೇಲಿ ಹೋಗಿ ಎಲ್ಲರಿಗೂ ಕುರ್ಚಿ ಬಂತು. ಈಗ ನಮ್ಮ ಹುಡುಗರು ರಾತ್ರಿ ನಿದ್ದೆಗೆಟ್ಟು ನೋಡುವ ಪ್ರೀಮಿಯರ್ ಲೀಗ್‌ನ ಆ ಥಳುಕಿನ ಕ್ರೀಡಾಂಗಣಗಳ ಹಿಂದೆ ಈ ಸಾವುಗಳಿವೆ.

ಹಾಗಾದರೆ ನ್ಯಾಯಕ್ಕೆ ಅಷ್ಟು ವರ್ಷ ಯಾಕೆ ಹಿಡಿಯಿತು? ವರದಿ ಒಂದು ದಾರಿ ಹಿಡಿದರೆ ಕಾನೂನು ಇನ್ನೊಂದು ದಾರಿ ಹಿಡಿಯಿತು. 1990ರಲ್ಲಿ ಯಾರ ಮೇಲೂ ಮೊಕದ್ದಮೆ ಹೂಡುವಷ್ಟು ಸಾಕ್ಷ್ಯ ಇಲ್ಲ ಎಂದರು. ಕರೋನರ್ ವಿಚಾರಣೆಯಲ್ಲಿ ಒಂದು ಗೆರೆ ಎಳೆದರು: 3 ಗಂಟೆ 15 ನಿಮಿಷದ ಹೊತ್ತಿಗೆ ಸತ್ತವರೆಲ್ಲರಿಗೂ ಉಳಿಯಲಾರದ ಪೆಟ್ಟು ಬಿದ್ದಾಗಿತ್ತು, ಆಮೇಲೆ ಆದದ್ದನ್ನು ಕೇಳುವುದಿಲ್ಲ. ಒಂದೇ ಗೆರೆ. ಅದರಿಂದ ಆಂಬುಲೆನ್ಸ್ ಯಾಕೆ ಒಳಗೆ ಬರಲಿಲ್ಲ, ಯಾರನ್ನು ಯಾಕೆ ಆಸ್ಪತ್ರೆಗೆ ಒಯ್ಯಲಿಲ್ಲ ಎಂಬ ಪ್ರಶ್ನೆಗಳೆಲ್ಲ ಆಚೆ ಬಿದ್ದವು. 1991ರ ಮಾರ್ಚ್‌ನಲ್ಲಿ ತೀರ್ಪು ಬಂತು: ಆಕಸ್ಮಿಕ ಸಾವು.

ಆನ್ ವಿಲಿಯಮ್ಸ್ ಎಂಬ ತಾಯಿ ಆ ಗೆರೆಯನ್ನು ಒಪ್ಪಲೇ ಇಲ್ಲ. ಅವರ ಮಗನಿಗೆ 15 ವರ್ಷ. ಅವನು 4 ಗಂಟೆ ಹೊತ್ತಿಗೆ ತನ್ನ ತೋಳಿನಲ್ಲಿ ಕಣ್ಣು ಬಿಟ್ಟು ‘ಅಮ್ಮ’ ಎಂದ ಅಂತ ಒಬ್ಬ ಮಹಿಳಾ ಪೊಲೀಸ್ ಹೇಳಿದ್ದರು. ಹಾಗಿದ್ದರೆ 3.15ಕ್ಕೆ ಎಲ್ಲ ಮುಗಿದದ್ದು ಹೇಗೆ? ಆನ್ ಇದೊಂದೇ ಪ್ರಶ್ನೆ ಹಿಡಿದು ಸರ್ಕಾರದ ಬಾಗಿಲು ತಟ್ಟಿದರು. ಮೂರು ಸಲ ಅರ್ಜಿ ತಿರಸ್ಕಾರವಾಯಿತು. ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋದರೆ 2009ರಲ್ಲಿ ಅವಧಿ ಮೀರಿದೆ ಎಂದರು.

ನಡುವೆ ಇನ್ನೂ ಏನೇನೋ ಆಯಿತು. 1998ರಲ್ಲಿ ಇನ್ನೊಬ್ಬ ನ್ಯಾಯಮೂರ್ತಿ ದಾಖಲೆ ನೋಡಿ ಹೊಸ ವಿಚಾರಣೆ ಬೇಡ ಎಂದರು. 2000ದಲ್ಲಿ ಕುಟುಂಬಗಳೇ ದುಡ್ಡು ಹಾಕಿ ಡಕೆನ್‌ಫೀಲ್ಡ್ ಮತ್ತು ಅವರ ಸಹಾಯಕ ಅಧಿಕಾರಿಯ ಮೇಲೆ ಖಾಸಗಿ ಮೊಕದ್ದಮೆ ಹೂಡಿದವು. ಸಹಾಯಕ ಬಿಡುಗಡೆಯಾದರು. ಡಕೆನ್‌ಫೀಲ್ಡ್ ವಿಷಯದಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ, ಮರುವಿಚಾರಣೆ ಬೇಡ ಎಂದು ನ್ಯಾಯಾಧೀಶರು ತಡೆದರು.

ಗಾಳಿ ತಿರುಗಿದ್ದು 2009ರಲ್ಲಿ. 20ನೇ ವರ್ಷದ ಸ್ಮರಣೆ, ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನ. ಸಚಿವ ಆಂಡಿ ಬರ್ನಮ್ ಭಾಷಣ ಮಾಡುತ್ತಿದ್ದಾಗ ಜನ ನ್ಯಾಯ ಕೊಡಿ ಎಂದು ಕೂಗತೊಡಗಿದರು. ಅವರೂ ಆ ಊರ ಕಡೆಯವರೇ, ಬಾಯಿ ಕಟ್ಟಿತು. ಮುಂದೆ ಲಿವರ್‌ಪೂಲ್‌ನ ಬಿಷಪ್ ಜೇಮ್ಸ್ ಜೋನ್ಸ್ ನೇತೃತ್ವದಲ್ಲಿ ಸ್ವತಂತ್ರ ಸಮಿತಿ ಆಯಿತು. ಅದು 4,50,000 ಪುಟ ದಾಖಲೆ ನೋಡಿ 2012ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟಿತು. ಮೊದಲು ಕುಟುಂಬಗಳಿಗೆ, ಆಮೇಲೆ ಲೋಕಕ್ಕೆ. ಅದರಲ್ಲಿದ್ದದ್ದು: ಪೊಲೀಸರ 164 ಹೇಳಿಕೆಗಳನ್ನು ಗಣನೀಯವಾಗಿ ತಿದ್ದಲಾಗಿತ್ತು. 116ರಲ್ಲಿ ಪೊಲೀಸರಿಗೆ ಮುಜುಗರ ತರುವ ಸಾಲುಗಳನ್ನೇ ತೆಗೆದಿದ್ದರು. ಸತ್ತವರಲ್ಲಿ 41 ಜನ ಬದುಕುವ ಸಾಧ್ಯತೆ ಇತ್ತು. 3.15ರ ಗೆರೆ ಅಲ್ಲಿಗೆ ಅಳಿಸಿಹೋಯಿತು. ಪ್ರಧಾನಿ ಡೇವಿಡ್ ಕ್ಯಾಮರೂನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಡಿಸೆಂಬರ್‌ನಲ್ಲಿ ಹೈಕೋರ್ಟ್ ಹಳೆಯ ತೀರ್ಪು ರದ್ದು ಮಾಡಿದಾಗ ಆನ್ ವಿಲಿಯಮ್ಸ್ ಗಾಲಿ ಕುರ್ಚಿಯಲ್ಲಿ ಕೂತು ಕೇಳಿದರು. ಕ್ಯಾನ್ಸರ್ ಆಗಿತ್ತು. ನಾಲ್ಕು ತಿಂಗಳಲ್ಲಿ ತೀರಿಕೊಂಡರು.

ಹೊಸ ವಿಚಾರಣೆ ವಾರಿಂಗ್‌ಟನ್‌ನಲ್ಲಿ ಎರಡು ವರ್ಷಕ್ಕೂ ಮೇಲೆ ನಡೆಯಿತು. 2015ರಲ್ಲಿ ಡಕೆನ್‌ಫೀಲ್ಡ್ ಸಾಕ್ಷಿ ಕಟ್ಟೆ ಹತ್ತಿದರು. ಗೇಟಿನ ಬಗ್ಗೆ ತಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡರು. ಸುರಂಗ ಮುಚ್ಚಿಸದೆ ಹೋದದ್ದೇ ಸಾವಿಗೆ ನೇರ ಕಾರಣ ಎಂದೂ ಒಪ್ಪಿದರು. ಒಂದು ವಾಕ್ಯದ ಸುಳ್ಳು ಅದನ್ನು ಹೇಳಿದವರ ಬಾಯಿಂದಲೇ ವಾಪಸು ಬರಲು 26 ವರ್ಷ! 2016ರ ಏಪ್ರಿಲ್ 26ರಂದು ಜ್ಯೂರಿ 14 ಪ್ರಶ್ನೆಗಳಿಗೆ ಉತ್ತರ ಕೊಟ್ಟಿತು. ಆರನೆಯದು, ಕಾನೂನುಬಾಹಿರವಾಗಿ ಕೊಂದದ್ದೇ? 7-2 ಬಹುಮತದಲ್ಲಿ ಹೌದು. ಏಳನೆಯದು, ಅಭಿಮಾನಿಗಳ ವರ್ತನೆಯೂ ಕಾರಣವೇ? ಇಲ್ಲ.

ಇನ್ನು ಶಿಕ್ಷೆಯೊಂದೇ ಬಾಕಿ ಎಂದು ಎಲ್ಲರೂ ಅಂದುಕೊಂಡರು. ಡಕೆನ್‌ಫೀಲ್ಡ್ ಮೇಲೆ 95 ಜನರ ಸಾವಿನ ಆರೋಪ ಹೊರಿಸಿದರು. ಆಗ ಸತ್ತವರ ಲೆಕ್ಕ 96. ಒಬ್ಬರನ್ನು ಬಿಟ್ಟದ್ದು ಯಾಕೆಂದರೆ, ಘಟನೆಯಾಗಿ ಒಂದು ವರ್ಷ ಒಂದು ದಿನದ ಆಚೆ ಸತ್ತರೆ ಅದನ್ನು ಕೊಲೆಯ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂಬ ಹಳೆಯ ನಿಯಮ 1989ರಲ್ಲಿ ಜಾರಿಯಲ್ಲಿತ್ತು. ಆ 96ನೆಯ ಯುವಕ ಮಿದುಳಿಗೆ ಪೆಟ್ಟಾಗಿ ನಾಲ್ಕು ವರ್ಷ ಎಚ್ಚರವಿಲ್ಲದೆ ಹಾಸಿಗೆಯಲ್ಲಿದ್ದ. ನಳಿಕೆಯಲ್ಲಿ ಕೊಡುತ್ತಿದ್ದ ಆಹಾರ ನಿಲ್ಲಿಸಬಹುದು ಎಂದು ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ 1993ರಲ್ಲಿ ಹೇಳಿದ ಮೇಲೆ ತೀರಿಕೊಂಡ. ಆ ತೀರ್ಪು ನಮ್ಮ ದೇಶಕ್ಕೂ ಬಂತು. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ನರ್ಸ್ ಆಗಿ ಹೋಗಿ, ದಶಕಗಳ ಕಾಲ ಎಚ್ಚರವಿಲ್ಲದೆ ಮಲಗಿದ್ದ ಅರುಣಾ ಶಾನಭಾಗ ಅವರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನೇ ಉದ್ದಕ್ಕೂ ಚರ್ಚಿಸಿತು. ಶೆಫೀಲ್ಡಿನ ಒಂದು ಗೇಟಿಗೂ ಹೊನ್ನಾವರದ ಒಂದು ಊರಿಗೂ ಹೀಗೊಂದು ನಂಟು.

2019ರ ಮೊದಲ ವಿಚಾರಣೆಯಲ್ಲಿ ಡಕೆನ್‌ಫೀಲ್ಡ್ ವಿಷಯದಲ್ಲಿ ಜ್ಯೂರಿಗೆ ಮತ್ತೆ ಒಮ್ಮತ ಬರಲಿಲ್ಲ. ಅದೇ ವಿಚಾರಣೆಯಲ್ಲಿ ಮೈದಾನದ ಕ್ಲಬ್‌ನ ಅಂದಿನ ಕಾರ್ಯದರ್ಶಿ ಗ್ರಹಾಂ ಮ್ಯಾಕ್ರೆಲ್ ತಪ್ಪಿತಸ್ಥ ಎಂದಾಯಿತು. ಸಾಕಷ್ಟು ತಿರುಗುಗೇಟು ಇಡಲಿಲ್ಲ ಎಂಬ ಸುರಕ್ಷತಾ ಲೋಪಕ್ಕೆ. ದಂಡ 6,500 ಪೌಂಡ್. ಮರುವಿಚಾರಣೆಯಲ್ಲಿ, ನವೆಂಬರ್ 28ರಂದು, 75 ವರ್ಷದ ಡಕೆನ್‌ಫೀಲ್ಡ್ ನಿರಪರಾಧಿ ಎಂದಾಯಿತು. ಒಬ್ಬನೇ ಮನುಷ್ಯ, ಒಂದೇ ಮಧ್ಯಾಹ್ನ, 2016ರಲ್ಲಿ ಒಂದು ಜ್ಯೂರಿ, 2019ರಲ್ಲಿ ಇನ್ನೊಂದು, ಎರಡು ಉತ್ತರ. ಕೋರ್ಟಿನ ಹೊರಗೆ ಕುಟುಂಬಗಳು ಕೇಳಿದ್ದೂ ಅದನ್ನೇ: ಹಾಗಾದರೆ ಕೊಂದವರು ಯಾರು?

ಹೇಳಿಕೆ ತಿದ್ದಿದ ಕೇಸು 2021ರಲ್ಲಿ ಬಂತು. ಕೋವಿಡ್ ಕಾಲ, ಕೋರ್ಟಿನಲ್ಲಿ ಜಾಗ ಸಾಲದೆ ವಿಚಾರಣೆಯನ್ನು ಸಾಲ್ಫರ್ಡ್‌ನ ಒಂದು ನಾಟಕ ಮಂದಿರದಲ್ಲಿ ಮಾಡಿದರು. ಇಬ್ಬರು ನಿವೃತ್ತ ಪೊಲೀಸರು, ಒಬ್ಬ ವಕೀಲ. ಹೇಳಿಕೆಗಳು ತಿದ್ದಿದ್ದವು ಎಂಬುದು ಗುಟ್ಟೇನೂ ಆಗಿರಲಿಲ್ಲ. ಆದರೆ ಅವು ಹೋದದ್ದು ಟೇಲರ್ ಆಯೋಗಕ್ಕೆ, ಅದು ಕೋರ್ಟ್ ಅಲ್ಲ, ಹಾಗಾಗಿ ನ್ಯಾಯಕ್ಕೆ ಅಡ್ಡಿಪಡಿಸಿದಂತೆ ಆಗುವುದಿಲ್ಲ ಎಂದು ನ್ಯಾಯಾಧೀಶರು ಕೇಸನ್ನು ಅಲ್ಲಿಗೇ ಮುಗಿಸಿದರು. ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೆ ಆಯೋಗದ ಮುಂದೆ ಸುಳ್ಳು ಹೇಳಿದರೆ ನಡೆಯುತ್ತದೆ ಅಂತಲೇ ಅಲ್ವಾ ಇದರ ಅರ್ಥ? ಕೆಲವೇ ವಾರಗಳಲ್ಲಿ, 32 ವರ್ಷ ಗಾಯದೊಂದಿಗೆ ಬದುಕಿದ್ದ ಇನ್ನೊಬ್ಬರು ಸತ್ತರು. ಲೆಕ್ಕ 97 ಆಯಿತು.

ಅಧಿಕಾರಿಗಳು ವಿಚಾರಣೆಗಳ ಮುಂದೆ ನಿಜವನ್ನೇ ಹೇಳಬೇಕು, ಮುಚ್ಚಿಟ್ಟರೆ ಅಪರಾಧ ಎಂಬ ಮಸೂದೆ 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಸಂಸತ್ತಿಗೆ ಬಂತು. ಜನ ಅದನ್ನು ಹಿಲ್ಸ್‌ಬರೋ ಕಾನೂನು ಎಂದೇ ಕರೆಯುತ್ತಾರೆ. ಡಿಸೆಂಬರ್‌ನಲ್ಲಿ ಪೊಲೀಸರ ಮೇಲಿನ ದೂರು ನೋಡುವ ಸಂಸ್ಥೆ ತನ್ನ ಕೊನೆಯ ವರದಿ ಕೊಟ್ಟಿತು. ಡಕೆನ್‌ಫೀಲ್ಡ್ ಮತ್ತು ಅಂದಿನ ಮುಖ್ಯ ಪೊಲೀಸ್ ಅಧಿಕಾರಿ ಪೀಟರ್ ರೈಟ್ ಸೇರಿ 12 ಜನ ಗಂಭೀರ ದುರ್ನಡತೆಯ ಇಲಾಖಾ ವಿಚಾರಣೆ ಎದುರಿಸಬೇಕಿತ್ತು ಎಂದು ಅದರಲ್ಲಿದೆ. ವಿಚಾರಣೆ ಮಾತ್ರ ನಡೆಯುವುದಿಲ್ಲ. ರೈಟ್ ತೀರಿಕೊಂಡಿದ್ದು 2011ರಲ್ಲಿ. ಉಳಿದವರು ನೌಕರಿ ಬಿಟ್ಟು ಎಷ್ಟೋ ವರ್ಷಗಳಾದವು.