ಸ್ಟ್ರಿಂಗ್ ಸೇರಿಸಿದೊಡನೆ ಲೇಬಲ್‌ಗಳು ದಾರಿ ತಪ್ಪುವುದೇಕೆ?

ಪ್ರಶ್ನೆ: ಇಂಟೆಲ್ 8080 ಎಂಬ ಹಳೆಯ ಪ್ರೊಸೆಸರಿಗೆ ಒಂದು ಪುಟ್ಟ ಅಸೆಂಬ್ಲರ್ (ಪಠ್ಯದಲ್ಲಿ ಬರೆದ ಇನ್‌ಸ್ಟ್ರಕ್ಷನ್‌ಗಳನ್ನು ಬೈಟ್‌ಗಳಾಗಿಸುವ ಪ್ರೋಗ್ರಾಂ) ಮತ್ತು ಎಮ್ಯುಲೇಟರ್ (ಆ ಬೈಟ್‌ಗಳನ್ನು ಪ್ರೊಸೆಸರಿನಂತೆ ಓಡಿಸುವ ಪ್ರೋಗ್ರಾಂ) ಬರೆದಿದ್ದೇನೆ. ಈಗ ಮೆಮೊರಿಯಲ್ಲಿ ಡೇಟಾ ಇಡುವ ಡಿಬಿ (ಬೈಟ್ ಅಥವಾ ಸ್ಟ್ರಿಂಗ್), ಡಿಡಬ್ಲ್ಯು (ಎರಡು ಬೈಟ್‌ನ ಬೆಲೆ) ಡೈರೆಕ್ಟಿವ್‌ಗಳನ್ನು ಸೇರಿಸಿದೆ. ಸ್ಟ್ರಿಂಗ್ (ಅಕ್ಷರಗಳ ಸರಣಿ) ಇರುವ ಸಾಲಿನ ನಂತರ ಬರುವ, ವಿಳಾಸಗಳಿಗೆ ಹೆಸರಾದ ಲೇಬಲ್‌ಗಳೆಲ್ಲ ತಪ್ಪು ವಿಳಾಸ ಕೊಡುತ್ತಿವೆ. ತಪ್ಪು ಎಲ್ಲಿದೆ? ಎಮ್ಯುಲೇಟರನ್ನೂ ಬದಲಿಸಬೇಕೇ?

ಉತ್ತರ: ಅಸೆಂಬ್ಲರ್ ಮೂಲವನ್ನು ಎರಡು ಸುತ್ತು ಓದುತ್ತದೆ; ತಪ್ಪು ಬಹುತೇಕ ನಿಮ್ಮ ಮೊದಲ ಸುತ್ತಿನಲ್ಲಿದೆ. ಯಾವ ಸಾಲು ಎಷ್ಟು ಬೈಟ್ ನುಂಗುತ್ತದೆ ಎಂದು ಲೆಕ್ಕ ಹಾಕಿ ಲೇಬಲ್‌ಗಳಿಗೆ ವಿಳಾಸ ಗೊತ್ತುಮಾಡುವುದು ಆ ಸುತ್ತಿನ ಕೆಲಸ. 8080ರ ಇನ್‌ಸ್ಟ್ರಕ್ಷನ್‌ಗಳು ಒಂದು, ಎರಡು ಅಥವಾ ಮೂರು ಬೈಟ್; ಉದ್ದ ತಿಳಿಯಲು ಒಂದು ಕೋಷ್ಟಕ ಸಾಕು. ಡಿಬಿ ಹಾಗಲ್ಲ. ಅದರ ಉದ್ದ ಹೆಸರಿನಲ್ಲಿಲ್ಲ, ಅದರ ಮುಂದೆ ಬರೆದದ್ದರಲ್ಲಿದೆ.

100ನೇ ವಿಳಾಸದಲ್ಲಿ ‘ಕನ್ನಡ’ ಎಂಬ ಸ್ಟ್ರಿಂಗ್, ಅದರ ಕೊನೆಗೊಂದು ಸೊನ್ನೆ ಬೈಟ್ ಇದೆ ಎನ್ನಿ. ಕಣ್ಣಿಗೆ ಕಾಣುವುದು ಮೂರಕ್ಷರ. ಯೂನಿಕೋಡಿನಲ್ಲಿ ಅದು ಐದು ಸಂಕೇತ: ಕ, ನ, ಹಲಂತ, ನ, ಡ. ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇವುಗಳಲ್ಲಿ ಒಂದೊಂದಕ್ಕೂ ಮೂರು ಬೈಟ್. ‘ಕ’ ಒಂದೇ 224, 178, 149 ಆಗಿ ಕೂರುತ್ತದೆ. ಸೊನ್ನೆ ಸೇರಿ 16. ಮುಂದಿನ ಲೇಬಲ್ 116ಕ್ಕೆ ಬರಬೇಕು. ಪೈಥಾನಿನಲ್ಲಿ ಸ್ಟ್ರಿಂಗಿನ ಉದ್ದ ಕೇಳಿ ಕೂಡಿಸಿದ್ದರೆ 106 ಬಂದಿರುತ್ತದೆ.

ಆದ್ದರಿಂದ ಉದ್ದವನ್ನು ಊಹಿಸುವ ಕೋಡನ್ನೇ ಬರೆಯಬೇಡಿ. ಸಾಲನ್ನು ಬೈಟ್‌ಗಳಾಗಿಸುವ ಫಂಕ್ಷನ್ ಒಂದೇ ಇರಲಿ. ಮೊದಲ ಸುತ್ತು ಅದು ಕೊಟ್ಟದ್ದನ್ನು ಎಣಿಸಿ ಎಸೆಯಲಿ, ಎರಡನೆಯದು ಫೈಲಿಗೆ ಬರೆಯಲಿ. ಡಿಡಬ್ಲ್ಯು ಮುಂದೆ ಇನ್ನೂ ಬಾರದ ಲೇಬಲ್ ಇದ್ದರೆ ಸದ್ಯಕ್ಕೆ ಸೊನ್ನೆ ಇಟ್ಟುಕೊಂಡರಾಯಿತು. ಬೆಲೆ ಗೊತ್ತಿಲ್ಲದಿದ್ದರೂ ಅದು ಎರಡು ಬೈಟ್ ಎಂಬುದಂತೂ ಗೊತ್ತು. ಜಾಗ ಕಾಯ್ದಿರಿಸುವ ಡಿಎಸ್‌ಗೆ ಮಾತ್ರ ಈ ರಿಯಾಯಿತಿ ಇಲ್ಲ, ಅಲ್ಲಿ ಬೆಲೆಯೇ ಉದ್ದ.

ಇನ್ನೊಂದು ಹೊಂಡವಿದೆ, ನಾನೂ ಬಿದ್ದದ್ದು. ಅರ್ಧವಿರಾಮ ಕಂಡಲ್ಲಿ ಟಿಪ್ಪಣಿ ಎಂದು ಕತ್ತರಿಸಿ, ಅಲ್ಪವಿರಾಮ ಕಂಡಲ್ಲಿ ಒಡೆದು, ಇಡೀ ಸಾಲನ್ನು ದೊಡ್ಡಕ್ಷರಕ್ಕೆ ತಿರುಗಿಸುತ್ತಿದ್ದೆ. ಉದ್ಧರಣ ಚಿಹ್ನೆಯೊಳಗೆ ಈ ಮೂರೂ ಅಪರಾಧ. ಅಕ್ಷರ ಅಕ್ಷರವಾಗಿ ಓದುತ್ತಾ, ಚಿಹ್ನೆಯ ಒಳಗಿದ್ದೇವೆಯೋ ಹೊರಗೋ ಎಂದು ನೆನಪಿಡುವ ಸಣ್ಣ ಲೂಪ್ ಬರೆದ ಮೇಲೆಯೇ ಸಂದೇಶಗಳು ನಾನು ಬರೆದಂತೆ ಹೊರಬಂದವು.

ಎಮ್ಯುಲೇಟರಿನಲ್ಲಿ ಹೆಚ್ಚು ಕೆಲಸವಿಲ್ಲ. ಡೇಟಾ ಯಾವುದು, ಇನ್‌ಸ್ಟ್ರಕ್ಷನ್ ಯಾವುದು ಎಂಬ ಭೇದವೇ ಅದಕ್ಕಿಲ್ಲ. ಎರಡು ಬೈಟ್‌ಗಳಲ್ಲಿ ಕೆಳಗಿನದು ಮೊದಲು, ಅಂದರೆ ಹೆಕ್ಸ್ (16ರ ಆಧಾರದ) 1234 ಮೆಮೊರಿಯಲ್ಲಿ 34, 12 ಎಂಬುದನ್ನು ಅಸೆಂಬ್ಲರೂ ಎಮ್ಯುಲೇಟರೂ ಒಪ್ಪಿರಬೇಕು, ಅಷ್ಟೇ.

ಆದರೆ ಸ್ಟ್ರಿಂಗನ್ನು ಓಡುವ ಕೋಡಿನ ನಡುದಾರಿಯಲ್ಲಿಡಬೇಡಿ. ಮುಂದೆ ಓಡಿಸಬೇಕಾದ ವಿಳಾಸವನ್ನು ಹಿಡಿದಿರುವ ಪ್ರೋಗ್ರಾಂ ಕೌಂಟರ್ ಅದರೊಳಗೆ ನುಗ್ಗಿದರೆ ಯಂತ್ರ ಅಕ್ಷರಗಳನ್ನೇ ಇನ್‌ಸ್ಟ್ರಕ್ಷನ್ ಎಂದು ಓದುತ್ತದೆ. ಆಸ್ಕಿಯ ಇಂಗ್ಲಿಷ್ ಅಕ್ಷರಗಳೆಲ್ಲ 8080ರ ಕಣ್ಣಿಗೆ ಮೂವ್ ಇನ್‌ಸ್ಟ್ರಕ್ಷನ್‌ಗಳು, ಒಂದನ್ನು ಬಿಟ್ಟು: ಸಣ್ಣ ‘ವಿ’ (v). ಅದು ಹೆಕ್ಸ್ 76, ಅಂದರೆ ಯಂತ್ರವನ್ನು ನಿಲ್ಲಿಸುವ ಹಾಲ್ಟ್. ಯಂತ್ರ ಅಲ್ಲಿ ಸದ್ದಿಲ್ಲದೆ ನಿಲ್ಲುತ್ತದೆ; ಪ್ರೋಗ್ರಾಂ ಸರಿಯಾಗಿ ಮುಗಿಯಿತೆಂದು ನೀವು ನಂಬುತ್ತೀರಿ. ಡೇಟಾವನ್ನು ನಿಮ್ಮ ಹಾಲ್ಟ್‌ನ ನಂತರವೇ ಇಡಿ. ಜೊತೆಗೆ, ನಿಂತಾಗ ಪ್ರೋಗ್ರಾಂ ಕೌಂಟರಿನ ಬೆಲೆಯನ್ನು ಮುದ್ರಿಸುವ ಒಂದು ಸಾಲನ್ನು ಎಮ್ಯುಲೇಟರಿಗೆ ಸೇರಿಸಿ; ನಿಂತದ್ದು ಯಾವ ಹಾಲ್ಟ್‌ನಲ್ಲಿ ಎಂಬುದು ಆಗಲೇ ಬಯಲಾಗುತ್ತದೆ.